ತಂತಿಯ ಆ ತುದಿ

“ಮನೇಲಿ ಕೂತ್ಕೊಂಡೇ ಫೋಟೋ ಅಳ್ಸಿದ್ದಾಳೆ, ಇನ್ಸ್‌ಪೆಕ್ಟರ್. ಬಾಣಾವರದಲ್ಲಿ ಪಾಯಸ ತಿಂತಾ ತಿಂತಾ ಅಳ್ಸಿದ್ದಾಳೆ,” ಎಂದು ನಿರ್ದೇಶಕ ಶರತ್ಚಂದ್ರ ಕನ್ನಡಕ ತೆಗೆದು ಒರೆಸಿಕೊಂಡರು. “ಈಗಿನ ಕಾಲದಲ್ಲಿ ಕಳ್ಳತನ ಮಾಡೋಕೆ ಬಾಗಿಲು ಮುರೀಬೇಕಾ?”

ಇನ್ಸ್‌ಪೆಕ್ಟರ್ ಚೆಲುವಾಂಬರಿಗೆ ಮೊದಲು ಬೇಕಾಗಿದ್ದದ್ದು ಕೂರಲು ಒಂದು ಕುರ್ಚಿ. ಬೆಳಿಗ್ಗೆ ಅರಸೀಕೆರೆ ಬಿಟ್ಟವರು ಗಂಡಸಿಗೆ ಹೋಗಿ, ಅಲ್ಲಿಂದ ಬೇಲೂರಿಗೆ ಹೋಗಿ, ಈಗ ಹಳೇಬೀಡಿನ ಶಿಲ್ಪ ದಾಖಲೆ ಕೇಂದ್ರಕ್ಕೆ ಬಂದಿದ್ದರು. ಜೀಪಿನ ಸೀಟು ಅವರ ಸೊಂಟವನ್ನು ವರ್ಷಗಳಿಂದ ವಿಚಾರಣೆ ಮಾಡುತ್ತ ಬಂದಿತ್ತು; ಇವತ್ತು ತಪ್ಪೊಪ್ಪಿಗೆ ತೆಗೆಯುವ ಹಂತ ಮುಟ್ಟಿತ್ತು.

ಗಂಡಸಿ ಹೋಬಳಿಯ ಗುಡಿಯೊಂದರಿಂದ ಕಾಣೆಯಾದ ವೇಣುಗೋಪಾಲನ ವಿಗ್ರಹ ಬೇಲೂರಿನ ವ್ಯಾಪಾರಿಯೊಬ್ಬನ ಗೋದಾಮಿನಲ್ಲಿ ಸಿಕ್ಕಿತ್ತು. ಅದು ಹಳೆಯದೆಂದು ತೋರಿಸಬಲ್ಲ ಫೋಟೋಗಳು ಮಾತ್ರ, ಇದೇ ಕೇಂದ್ರದ ಕಂಪ್ಯೂಟರಿನಿಂದ, ಬುದ್ಧ ಪೂರ್ಣಿಮೆಯ ದಿನ ಅಳಿಸಿಹೋಗಿದ್ದವು.

ವ್ಯಾಪಾರಿಯ ಮಾತು ನಯವಾಗಿತ್ತು. “ಇದು ಹೋದ ವರ್ಷ ನಮ್ಮ ಹುಡುಗರೇ ಕೆತ್ತಿದ್ದು ಮೇಡಂ. ಬೇಲೂರಲ್ಲಿ ಹೊಸ ವಿಗ್ರಹಕ್ಕೆ ಹಳೇ ಬಣ್ಣ ಕೊಡೋದು ಎಲ್ಲರಿಗೂ ಬರುತ್ತೆ,” ಎಂದಿದ್ದ. ಸುಳ್ಳಾದರೂ ತಳ್ಳಿಹಾಕುವ ಸುಳ್ಳಲ್ಲ. ಕೊಳಲಿನ ನಡುವೆ ಕೂದಲೆಳೆಯಷ್ಟು ಬಿರುಕಿತ್ತು. ಆ ಬಿರುಕು ಹಳೆಯ ಫೋಟೋದಲ್ಲೂ ಇದ್ದರೆ ಅವನ ಕಥೆ ಮುಗಿಯಿತು. ಫೋಟೋ ಇಲ್ಲದಿದ್ದರೆ ನಾಳೆ ನ್ಯಾಯಾಲಯದಿಂದ ವಿಗ್ರಹ ಅವನ ಗೋದಾಮಿಗೇ ವಾಪಸ್ಸು.

ಕೋಣೆಯ ಮೂಲೆಯಲ್ಲಿ ಮಂಜುಳಾ ನಿಂತಿದ್ದಳು. ಕೇಂದ್ರದ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಇಂಜಿನಿಯರು. ಬಾಣಾವರದ ನಿವೃತ್ತ ಮೇಷ್ಟ್ರು ಹನುಮಯ್ಯನವರ ಮಗಳು. ಹುಣ್ಣಿಮೆಯ ದಿನ ಅವರ ಮನೆಯಲ್ಲಿ ಬುದ್ಧವಂದನೆಗೆ ಊರಿನ ಅರ್ಧ ಜನ ಸೇರಿದ್ದರು, ಎಲ್ಲರೂ ಅವಳನ್ನು ನೋಡಿದ್ದರು. ಆದರೂ ಅಳಿಸಿದ ಕಮಾಂಡು ಅವಳ ಹೆಸರಿನಲ್ಲೇ ದಾಖಲಾಗಿತ್ತು.

ಬಾಗಿಲಲ್ಲಿ ಹೆಡ್ ಕಾನ್‌ಸ್ಟೇಬಲ್ ಕೆಂಚಯ್ಯ ಮುಖ ತೋರಿಸಿದ. “ಮೇಡಮ್ಮಾರೆ, ಸಾಯೇಬ್ರು ಮತ್ತೆ ಫೋನ್ ಮಾಡಿದ್ರು. ಸಂಜೀಕೆ ಆ ಹುಡ್ಗೀನ ಕರ್ಕಂಡು ಬಂದ್ಬುಡಿ ಅಂತಾವ್ರೆ. ಪೇಪರ್ನೋರಿಗೂ ಹೇಳ್ಬುಟ್ಟವ್ರಂತೆ.”

“ಬತ್ತೀವಿ ಅಂತ ಹೇಳಿದ್ಯಾ?”

“ನಾನೇನ್ ಯೋಳ್ಲಿ? ಹೂಂ ಅಂದೆ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಚೆಲುವಾಂಬ ಇಡೀ ಸರ್ವೀಸಿನಲ್ಲಿ ನೋಡಿದ್ದು ಇದನ್ನೇ. ಎತ್ತು ಸಿಗದಿದ್ದಾಗ ಎಮ್ಮೆ ಹತ್ತಿರದಲ್ಲೇ ಕಟ್ಟಿರುತ್ತದೆ, ಬರೆ ಹಾಕುವವರಿಗೆ ಅನುಕೂಲ. ಅವರಿಗೆ ಬೇಸರವಾಯಿತು. ಸಿಟ್ಟು ಬರುವಷ್ಟು ಶಕ್ತಿ ಉಳಿದಿರಲಿಲ್ಲ, ಬರೀ ಬೇಸರ.

“ಒಂದ್ಸಲ ನಾನು ಸ್ಟೇಷನ್ ಮೆಟ್ಟಿಲು ಹತ್ತಿದ್ರೆ ಮುಗೀತು ಮೇಡಂ,” ಎಂದಳು ಮಂಜುಳಾ ಮೆಲ್ಲಗೆ. “ಆಮೇಲೆ ತಪ್ಪಿಲ್ಲ ಅಂತ ಬಿಟ್ರೂ, ನಮ್ಮಂಥೋರು ಇಳಿದು ಬಂದ್ರು ಅಂತ ಯಾರೂ ಹೇಳಲ್ಲ. ಹತ್ತಿದ್ದಷ್ಟೇ ನೆನಪಿಟ್ಕೋತಾರೆ.”

ಚೆಲುವಾಂಬ ಕುರ್ಚಿ ಎಳೆದುಕೊಂಡು ಕೂತರು. “ಆ ಅಳಿಸಿದ್ದು ಎಲ್ಲಿಂದ ಅಂತ ಇನ್ನೊಂದ್ಸಲ ಹೇಳಮ್ಮ. ನನಗೆ ಅರ್ಥ ಆಗೋ ಹಾಗೆ.”

ಫೋಟೋಗಳಿರುವ ಪೆಟ್ಟಿಗೆ ಪಕ್ಕದ ತಣ್ಣನೆಯ ಕೋಣೆಯಲ್ಲಿತ್ತು. ಅದಕ್ಕೆ ಪರದೆಯಿಲ್ಲ, ಕೀಬೋರ್ಡಿಲ್ಲ. ಅದರ ಜೊತೆ ಮಾತಾಡಬೇಕಾದರೆ ಮೇಜಿನ ಮೇಲಿನ ಲ್ಯಾಪ್‌ಟಾಪಿನಿಂದ ಒಂದು ಕಮಾಂಡು ಹೊಡೆಯಬೇಕು. ಸಿ, ಇ, ಸಿ ಎಂದು ಮೂರಕ್ಷರ, ಪಕ್ಕದಲ್ಲಿ ಯಾವ ತಂತಿಯ ಮೇಲೆ ಹುಡುಕಬೇಕೋ ಅದರ ಹೆಸರು. ಆಗ ಪೆಟ್ಟಿಗೆಯ ಕನ್ಸೋಲು, ಅಂದರೆ ಅದರ ಮುಂದೆಯೇ ಕೂತು ಟೈಪ್ ಮಾಡಿದರೆ ಕಾಣುವಂಥ ಪರದೆ, ಲ್ಯಾಪ್‌ಟಾಪಿನಲ್ಲೇ ತೆರೆದುಕೊಳ್ಳುತ್ತದೆ. ಫೋಟೋ ಅಳಿಸಿದವರು ಈ ದಾರಿಯಲ್ಲೇ ಬಂದಿದ್ದರು.

“ಅದನ್ನೇ ನಾನೂ ಹೇಳ್ತಿರೋದು,” ಎಂದರು ಶರತ್ಚಂದ್ರ. ಅವರು ಬಿಸಿಲೆನ್ನದೆ ಊರೂರು ಅಲೆದು, ಹೆಗ್ಗಣ ಸೇರಿಕೊಂಡ ಗುಡಿಗಳಲ್ಲೂ ಮಂಡಿಯೂರಿ ಈ ಫೋಟೋಗಳನ್ನು ತೆಗೆದವರು. ಅವರ ಸಂಕಟ ನಾಟಕದ್ದಾಗಿ ಕಾಣುತ್ತಿರಲಿಲ್ಲ. “ದೂರದಿಂದ ಕೆಲಸ ಮಾಡೋಕೇ ಇರೋ ಸಾಧನ ಅದು. ಪಕ್ಕದ ಕೋಣೆಯಾದ್ರೇನು, ಬಾಣಾವರವಾದ್ರೇನು?”

“ಹಾಗಲ್ಲ ಸಾರ್. ಅದು ಇಂಟರ್‌ನೆಟ್ ದಾರೀಲಿ ಹೋಗೋದೇ ಇಲ್ಲ,” ಎಂದಳು ಮಂಜುಳಾ. “ಈ ಕಟ್ಟಡದ ತಂತಿ ಎಲ್ಲೆಲ್ಲಿ ಹೋಗಿದೆಯೋ ಅಷ್ಟೇ ಅದರ ಊರು. ಜಗಲಿ ಮೇಲೆ ನಿಂತು ಕೂಗಿದ್ರೆ ನಮ್ಮ ಬೀದಿಯೋರಿಗೆ ಕೇಳ್ಸುತ್ತೆ, ಪಕ್ಕದೂರಿಗೆ ಕೇಳ್ಸಲ್ಲ. ಹಾಗೆ.”

“ತಪ್ಪಿಸ್ಕೊಳ್ಳೋಕೆ ಒಳ್ಳೇ ಉಪಮೆ.”

“ಉಪಮೆ ಬೇಡ,” ಎಂದರು ಚೆಲುವಾಂಬ. ಮಾತು ಕೇಳಿ ಕೇಳಿ ಅವರ ಕಿವಿ ಸೋತಿತ್ತು. “ಆ ಲ್ಯಾಪ್‌ಟಾಪ್ ತಗೊಂಡು ಹೊರಗೆ ಬಾ.”

ಜಗಲಿಯಲ್ಲಿ ಕೂತು, ಮೊಬೈಲಿನ ಇಂಟರ್‌ನೆಟ್ ಹಾಕಿಕೊಂಡು ಮಂಜುಳಾ ಕಮಾಂಡು ಹೊಡೆದಳು. ಪರದೆ ಸ್ವಲ್ಪ ಹೊತ್ತು ಯೋಚಿಸಿ ಖಾಲಿ ಉಳಿಯಿತು. ಮಾತಾಡಲು ಯಾವ ಪೆಟ್ಟಿಗೆಯೂ ಸಿಗಲಿಲ್ಲ.

“ಬೇಕಂತಲೇ ತಪ್ಪು ಹೊಡೀತಿದ್ದಾಳೆ,” ಎಂದರು ಶರತ್ಚಂದ್ರ.

ಚೆಲುವಾಂಬ ಲ್ಯಾಪ್‌ಟಾಪನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಎಫ್‌ಐಆರ್ ಹೊಡೆದು ಹೊಡೆದು ಪಳಗಿದ ಎರಡು ಬೆರಳುಗಳಿಂದ ತಾವೇ ಆ ಅಕ್ಷರಗಳನ್ನು ಒತ್ತಿದರು. ಶರತ್ಚಂದ್ರರ ಫೋನಿನ ಇಂಟರ್‌ನೆಟ್ಟನ್ನೂ ಹಾಕಿ ನೋಡಿದರು. ಖಾಲಿ. ಕೆಂಚಯ್ಯ ಕೇಳದೆಯೇ ತನ್ನ ಫೋನನ್ನೂ ಮುಂದೆ ಹಿಡಿದ. ಅದರಲ್ಲೂ ಖಾಲಿ.

“ಈಗ ಒಳಗೆ,” ಎಂದರು ಅವರು, ಮೊಣಕಾಲಿಗೆ ಕೈ ಊರಿ ಏಳುತ್ತ.

ಮೇಜಿನ ಮೇಲೆ ಬಿದ್ದಿದ್ದ ನೀಲಿ ತಂತಿಯನ್ನು ಲ್ಯಾಪ್‌ಟಾಪಿಗೆ ಚುಚ್ಚಿ ಮತ್ತೆ ಅದೇ ಬೆರಳುಗಳಿಂದ ಅದನ್ನೇ ಒತ್ತಿದರು. ಪರದೆಯಲ್ಲಿ ಎರಡು ಸಾಲು ಮೂಡಿದವು. ಪೆಟ್ಟಿಗೆ ಒಂದು, ಪೆಟ್ಟಿಗೆ ಎರಡು. ಯಾವುದು ಬೇಕೆಂದು ಅದು ಕೇಳುತ್ತಿತ್ತು.

ಚೆಲುವಾಂಬರಿಗೆ ಸಂತೋಷವಾಯಿತು. ಈ ಕೇಸು ಕೈಗೆ ಬಂದಾಗಿನಿಂದ ಮೊದಲ ಸಲ ಅವರಿಗೆ ಸಂತೋಷವಾಗಿತ್ತು, ಅದನ್ನು ಮುಚ್ಚಿಡಬೇಕೆಂದು ಅನಿಸಲೂ ಇಲ್ಲ. “ನೋಡಿ ಸಾರ್. ಬಾಣಾವರ ಹಾಗಿರಲಿ, ನಿಮ್ಮ ಜಗಲಿಯಿಂದಲೂ ಇದು ಕೈಗೆ ಸಿಗಲ್ಲ. ಅಳಿಸಿದೋರು ಈ ಗೋಡೆಗಳ ಒಳಗೆ ಕೂತಿದ್ರು. ಆವತ್ತು ಇವಳು ಇಲ್ಲಿರಲಿಲ್ಲ.”

“ಹಾಗಾದ್ರೆ ನಾನು ಅಂತಲಾ?”

“ನಾನು ನಿಮ್ಮ ಹೆಸರು ಹೇಳಲಿಲ್ಲ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಎಲ್ಲಾ ಕಡೆ ಇರುತ್ತಾರೆ. ಹೆಗಲು ಮುಟ್ಟಿಕೊಂಡವರೆಲ್ಲ ಕಳ್ಳರಲ್ಲ ಎಂಬುದೂ ಚೆಲುವಾಂಬರಿಗೆ ಅನುಭವದಿಂದ ಗೊತ್ತಿತ್ತು. ಶರತ್ಚಂದ್ರರ ಮುಖ ಕೆಂಪಾಗಿತ್ತು.

“ಆವತ್ತು ಕೇಂದ್ರಕ್ಕೆ ರಜೆ,” ಎಂದರು ಅವರು. “ನಾನು ಬೇಲೂರಲ್ಲಿದ್ದೆ, ದೇವಸ್ಥಾನದ ಕಚೇರೀಲಿ ಬೇಕಾದ್ರೆ ಕೇಳಿ. ಮತ್ತೆ ನೀವು ಒಂದು ವಿಷಯ ಮರೀತಿದ್ದೀರಿ. ತಂತಿ ಯಾರು ಬೇಕಾದ್ರೂ ಚುಚ್ಚಲಿ. ಒಳಗೆ ಹೋಗೋಕೆ ಪಾಸ್‌ವರ್ಡ್ ಬೇಕಲ್ಲ? ಅದು ಗೊತ್ತಿರೋದು ಇವಳೊಬ್ಬಳಿಗೆ. ನನಗೂ ಗೊತ್ತಿಲ್ಲ.”

ಚೆಲುವಾಂಬ ಮಂಜುಳಾ ಕಡೆ ತಿರುಗಿದರು. ಹುಡುಗಿ ತನ್ನ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

“ಪಾಸ್‌ವರ್ಡ್ ಬೇಕಾಗಿರ್ಲಿಲ್ಲ ಮೇಡಂ.”

“ಯಾಕೆ?”

“ಹಿಂದಿನ ದಿನ ನಾನು ಕೆಲಸ ಮುಗ್ಸಿ, ಬಸ್ಸಿಗೆ ಹೊತ್ತಾಯ್ತು ಅಂತ ಲ್ಯಾಪ್‌ಟಾಪ್ ಮುಚ್ಚಿ ಹೊರಟ್ಬಿಟ್ಟೆ. ಕನ್ಸೋಲಿಂದ ಆಚೆ ಬಂದೆ, ಆದ್ರೆ ಪೆಟ್ಟಿಗೇಲಿ ಲಾಗ್‌ಔಟ್ ಮಾಡ್ಲಿಲ್ಲ.” ಅವಳ ದನಿ ಕುಗ್ಗಿತು. “ನಾವು ಆಚೆ ಬಂದ್ರೆ ಅದಕ್ಕೆ ಗೊತ್ತಾಗಲ್ಲ. ನಾನಿನ್ನೂ ಕೂತೇ ಇದೀನಿ ಅಂದ್ಕೊಂಡಿರುತ್ತೆ. ಆಮೇಲೆ ತಂತಿಗೆ ಸೇರ್ಕೊಂಡೋರು ಯಾರೇ ಆಗ್ಲಿ, ನನ್ನ ಹೆಸರಲ್ಲೇ ಒಳಗಿರ್ತಾರೆ. ಇಲ್ಲಿ ಎಲ್ಲರೂ ಹಾಗೇ ಮಾಡ್ತೀವಿ. ಅಷ್ಟುದ್ದ ಪಾಸ್‌ವರ್ಡ್ ದಿನಾ ಹೊಡೆಯೋಕೆ ಬೇಜಾರು.”

“ಇದನ್ನ ಮೊದಲೇ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಕೆಲಸ ಹೋಗುತ್ತೆ.”

“ಹೇಳದಿದ್ರೆ ಜೈಲಿಗೆ ಹೋಗ್ತೀಯಲ್ಲಮ್ಮ.”

ಬಾಗಿಲು ತೆರೆದಿಟ್ಟು ಊರಿಗೆ ಹೋದವಳು, ಕಳ್ಳತನವಾಯಿತೆಂದು ಕೂಗುವ ಬದಲು ಬಾಗಿಲು ತೆರೆದಿಟ್ಟದ್ದಕ್ಕೇ ನಾಚಿ ಕೂತಿದ್ದಳು. ಇಂಥವರನ್ನು ಕಂಡರೆ ಚೆಲುವಾಂಬರಿಗೆ ಬೈಯಬೇಕೆನಿಸುತ್ತಿತ್ತು, ಜೊತೆಗೆ ತಲೆ ಸವರಬೇಕೆಂದೂ ಅನಿಸುತ್ತಿತ್ತು. ಎರಡೂ ಇಲಾಖೆಯ ನಿಯಮದಲ್ಲಿಲ್ಲ.

“ಕಟ್ಟಡದ ಬೀಗದ ಕೈ ಯಾರ್ಯಾರ ಹತ್ರ ಇದೆ?”

“ಒಂದು ನನ್ನ ಹತ್ರ,” ಎಂದು ಶರತ್ಚಂದ್ರ ಜೇಬಿನಿಂದ ತೆಗೆದು ತೋರಿಸಿದರು. “ಇನ್ನೊಂದು ಇವಳ ಹತ್ರ.”

“ನಿನ್ನದು ಆವತ್ತು ಎಲ್ಲಿತ್ತು?”

“ಮನೇಲಿ,” ಎಂದಳು ಮಂಜುಳಾ.

ಉತ್ತರ ಸರಿಯಾಗಿಯೇ ಇತ್ತು, ಆದರೆ ಬರಲು ಸ್ವಲ್ಪ ತಡವಾಯಿತು. ಬೇರೆ ದಿನವಾಗಿದ್ದರೆ ಚೆಲುವಾಂಬ ಆ ಸ್ವಲ್ಪವನ್ನು ಹಿಡಿದು ಜಗ್ಗುತ್ತಿದ್ದರು. ಇವತ್ತು ಅವರು ಸಾಹೇಬರಿಗೆ ಫೋನ್ ಮಾಡಿ ಹುಡುಗಿಯನ್ನು ಕರೆತರುವುದಿಲ್ಲ ಎಂದು ಹೇಳಿ, ಅವರು ಬೈದದ್ದನ್ನು ಕೇಳಿ, ಒಂದು ಲೋಟ ಕಾಫಿ ಕುಡಿಯಲು ಕಾತರರಾಗಿದ್ದರು.

“ಎರಡನೇ ಪೆಟ್ಟಿಗೆ ಯಾವುದು?” ಎಂದು ಶರತ್ಚಂದ್ರ ಇದ್ದಕ್ಕಿದ್ದಂತೆ ಕೇಳಿದರು. ಅವರು ಪರದೆಯನ್ನೇ ನೋಡುತ್ತಿದ್ದರು. “ನಮ್ಮ ಹತ್ರ ಇರೋದು ಒಂದೇ ಅಲ್ವಾ?”

“ಹಳೇದು ಸಾರ್. ನೀವು ಗುಜರಿಗೆ ಹಾಕು ಅಂದಿದ್ರಲ್ಲ, ಅದು.” ಮಂಜುಳಾ ಮೊದಲ ಸಲ ತಲೆಯೆತ್ತಿದಳು. “ಹಾಕೋಕೆ ಮನಸ್ಸು ಬರ್ಲಿಲ್ಲ. ಒಂದು ಫ್ಯಾನ್ ಬದಲಾಯ್ಸಿ ಮೇಲಿನ ಅಟ್ಟದಲ್ಲಿಟ್ಟೆ. ಆಗಾಗ ಅದಕ್ಕೆ ಪ್ರತಿ ಕಳಿಸ್ತಾ ಇದ್ದೆ. ಎಷ್ಟು ಹೋಗಿದೆಯೋ, ಎಲ್ಲಿ ನಿಂತಿದೆಯೋ ಗೊತ್ತಿಲ್ಲ. ಫೋಟೋ ಹೋದ ಮೇಲೆ ನನ್ನ ಲ್ಯಾಪ್‌ಟಾಪ್ ಮುಟ್ಟೋಕೇ ಯಾರೂ ಬಿಡ್ಲಿಲ್ಲ.”

“ನೋಡು,” ಎಂದರು ಚೆಲುವಾಂಬ. ಅವರ ಕಾಫಿ ಮರೆತುಹೋಯಿತು.

ಮಂಜುಳಾ ಎರಡನೆಯ ಪೆಟ್ಟಿಗೆಯನ್ನು ಆರಿಸಿ, ಉದ್ದದ ಪಾಸ್‌ವರ್ಡನ್ನು ತಪ್ಪಿಲ್ಲದೆ ಹೊಡೆದು ಒಳಗೆ ಹೋದಳು. ಊರುಗಳ ಹೆಸರುಗಳು ಒಂದರ ಕೆಳಗೊಂದು ಬಂದವು. ಬೇಲೂರು, ಗೆಂಡೆಹಳ್ಳಿ, ಬಾಣಾವರ. ಆಮೇಲೆ ಗಂಡಸಿ. ಅದನ್ನು ತೆರೆದಾಗ ಫೋಟೋಗಳ ಹೆಸರು ಸಾಲಾಗಿ ಇಳಿದವು, ಅವುಗಳಲ್ಲಿ ವೇಣುಗೋಪಾಲ ಎಂದಿದ್ದವು ಪರದೆಯ ಅರ್ಧ ತುಂಬಿದವು.

“ಇದಾವೆ,” ಎಂದಳು ಅವಳು. ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಅಳತೊಡಗಿದಳು.

ಶರತ್ಚಂದ್ರ ಕುರ್ಚಿ ಹಿಡಿದುಕೊಂಡು ನಿಂತರು. ಸಿಡುಕೆಲ್ಲ ಇಳಿದು ಅವರು ಬರೀ ವಯಸ್ಸಾದವರಂತೆ ಕಾಣುತ್ತಿದ್ದರು. “ಕ್ಷಮಿಸಮ್ಮ,” ಎಂದರು. ಆ ಮಾತು ಅವರಿಗೆ ಸುಲಭವಾಗಿ ಬರಲಿಲ್ಲ, ಆದರೆ ಬಂತು. ಬಾಗಿಲಲ್ಲಿದ್ದ ಕೆಂಚಯ್ಯ, “ಅಂಗಾರೆ ಸಾಯೇಬ್ರಿಗೆ ಬರಾಕಿಲ್ಲ ಅಂತ ಯೋಳ್ಲಾ?” ಎಂದು ಫೋನ್ ತೆಗೆದ.

ಆಗ ಪರದೆಯ ಕೆಳಗಿನ ಸಾಲಿನಲ್ಲಿ ಒಂದು ಅಕ್ಷರ ಮೂಡಿತು.

ಮಂಜುಳಾಳ ಕೈಗಳು ಇನ್ನೂ ಮುಖದ ಮೇಲಿದ್ದವು. ಶರತ್ಚಂದ್ರರ ಕೈಗಳು ಕುರ್ಚಿಯ ಬೆನ್ನಿನ ಮೇಲಿದ್ದವು. ಚೆಲುವಾಂಬ ತಮ್ಮ ಕೈಗಳನ್ನೂ ಒಮ್ಮೆ ನೋಡಿಕೊಂಡರು, ಆಯಾಸದಲ್ಲಿ ಯಾವ ಮನುಷ್ಯನನ್ನೂ ನಂಬುವಂತಿಲ್ಲ ಎಂದು. ಎರಡನೆಯ ಅಕ್ಷರ ಮೂಡಿತು.

“ಅಳಿಸು ಅನ್ನೋ ಕಮಾಂಡು,” ಎಂದರು ಶರತ್ಚಂದ್ರ. ಅಷ್ಟು ಅವರಿಗೂ ಗೊತ್ತಿತ್ತು. “ಯಾರು ಹೊಡೀತಿರೋದು?”

ಮಂಜುಳಾ ಕೈ ತೆಗೆದು ನೋಡಿದಳು. “ಎಷ್ಟು ಜನ ಸೇರ್ಕೊಂಡ್ರೂ ಕನ್ಸೋಲು ಒಂದೇ ಮೇಡಂ,” ಎಂದು ಪಿಸುಗುಟ್ಟಿದಳು. “ನಾವು ನೋಡಿದ್ದೆಲ್ಲ ಅವರೂ ನೋಡ್ತಿದ್ರು.”

ಚೆಲುವಾಂಬ ಪರದೆಯ ಹತ್ತಿರಕ್ಕೆ ಬಾಗಿದರು. ಎರಡನೆಯ ಪ್ರತಿ ಇರುವುದು ಈ ಹೊತ್ತಿನವರೆಗೂ ಕಳ್ಳನಿಗೆ ಗೊತ್ತಿರಲಿಲ್ಲ. ಬಾಗಿಲು ತೆಗೆಸಿ, ದೀಪ ಹಚ್ಚಿ, ಇಂಥ ಜಾಗದಲ್ಲಿದೆ ನೋಡಪ್ಪ ಎಂದು ತೋರಿಸಿಕೊಟ್ಟವರು ತಾವೇ. ಮತ್ತು ಆ ಕಳ್ಳ ಇದೇ ತಂತಿಯ ಮೇಲಿದ್ದ. ಇದೇ ಕಟ್ಟಡದಲ್ಲಿ, ಈಗಲೇ.

ಅಕ್ಷರಗಳು ಬರುತ್ತಿದ್ದವು. ಮೂರು ಬೇಗ ಬಂದವು. ತಡೆದವು. ಒಂದು ಅಳಿಸಿಹೋಗಿ ಬೇರೊಂದು ಬಂತು, ಮತ್ತೆ ಎರಡು ಬೇಗ. ಗಂಡಸಿ ಎಂಬ ಹೆಸರು ಇಂಗ್ಲಿಷಿನಲ್ಲಿ ಕಟ್ಟಿಕೊಳ್ಳುತ್ತಿತ್ತು.

“ಮಂಜುಳಾ, ಯಾವ ತಂತಿ ಕೀಳ್ಬೇಕು?”

ಮಂಜುಳಾ ಆ ಅಕ್ಷರಗಳನ್ನು ಓದುತ್ತಿರಲಿಲ್ಲ. ಜಗಲಿಯಲ್ಲಿ ಮನೆಯವರ ಹೆಜ್ಜೆಯ ಸದ್ದಾದಾಗ ಒಳಗಿನವರು ಕಿವಿಗೊಡುವಂತೆ, ಬೆರಳುಗಳ ಆ ಬೇಗವನ್ನೂ ಆ ತಡೆಯನ್ನೂ ಗುರುತು ಹಿಡಿದವಳಂತೆ ನೋಡುತ್ತಿದ್ದಳು. ಅವಳ ಮುಖದ ಕಳೆ ಇಳಿದುಹೋಗಿತ್ತು. ಸ್ಟೇಷನ್ನಿನ ಮಾತು ಬಂದಾಗಲೂ ಆ ಮುಖ ಹಾಗಾಗಿರಲಿಲ್ಲ.

ಚೆಲುವಾಂಬ ಕಾಯಲಿಲ್ಲ. ಎಲ್ಲ ತಂತಿಗಳೂ ಬಂದು ಸೇರುವ ಪುಟ್ಟ ಡಬ್ಬಿ ಗೋಡೆಯಲ್ಲಿತ್ತು. ಅದರ ಮುಂದೆ ಹೋಗಿ, ಸಿಕ್ಕಿದ್ದನ್ನೆಲ್ಲ ಸೊಪ್ಪು ಕೀಳುವಂತೆ ಗೊಂಚಲಾಗಿ ಕಿತ್ತರು. ಪರದೆ ನಿಂತಿತು. ಗಂಡಸಿ ಎಂಬುದಕ್ಕೆ ಕೊನೆಯ ಅಕ್ಷರ ಬಾಕಿಯಿತ್ತು.

“ಕೆಂಚಯ್ಯ, ಹಿತ್ತಲ ಕಡೆಯಿಂದ ಸುತ್ತಾಕು. ಯಾರೂ ಆಚೆ ಹೋಗಬಾರದು.”

ಕೆಂಚಯ್ಯ ತನ್ನ ವಯಸ್ಸಿಗೆ ಮೀರಿ ಓಡಿದ.

ಕೈಯಲ್ಲಿದ್ದ ತಂತಿಗಳನ್ನು ಅವರು ಒಂದೊಂದಾಗಿ ಬಿಡಿಸಿದರು. ಒಂದು ಮೇಜಿಗೆ. ಒಂದು ಅಟ್ಟಕ್ಕೆ. ಒಂದು ತಣ್ಣನೆಯ ಕೋಣೆಗೆ. ಉಳಿದದ್ದು ಬೀರುವಿನ ಹಿಂದೆ ಹಾದು, ಗೋಡೆಯ ತೂತಿನೊಳಗೆ ಇಳಿದಿತ್ತು.

“ಆ ಕಡೆ ಏನಿದೆ?”

“ಹಳೇ ಸ್ಟೋರು,” ಎಂದರು ಶರತ್ಚಂದ್ರ. “ಅದಕ್ಕೆ ಬೀಗ ಹಾಕಿ ಎಷ್ಟೋ ಕಾಲವಾಯ್ತು. ಅಲ್ಲಿಗೆ ತಂತಿ ಹೋಗಿರೋದೇ ನನಗೆ ಗೊತ್ತಿಲ್ಲ. ಎಳೆಸಿದ್ದು ಇವಳೇ ಇರಬೇಕು.”

ಚೆಲುವಾಂಬರ ಅಂಗೈಯಲ್ಲಿ ಆ ತಂತಿ ಮಿಸುಕಿತು. ಆ ಕಡೆಯಿಂದ ಯಾರೋ ಅದನ್ನು ಮೆಲ್ಲಗೆ ಎಳೆಯುತ್ತಿದ್ದರು.

ಅವರು ಅದನ್ನು ಕೈಬಿಟ್ಟು ಸ್ಟೋರಿಗೆ ಹೋಗುವ ಒಳಬಾಗಿಲಿನ ಕಡೆ ಎರಡು ಹೆಜ್ಜೆ ಹಾಕಿದರು. ಅಷ್ಟರಲ್ಲಿ ಮಂಜುಳಾ ಅವರಿಗಿಂತ ಮೊದಲೇ ಅಲ್ಲಿದ್ದಳು. ಬಾಗಿಲು ಮುಚ್ಚಿ, ಅಗಳಿ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು.

“ದಾರಿ ಬಿಡು.”

“ನಾನೇ ಅಳ್ಸಿದ್ದು ಮೇಡಂ.”

“ನೀನು ಆವತ್ತು ಬಾಣಾವರದಲ್ಲಿದ್ದೆ. ನಿನ್ನೆ ನಾನೇ ಊರೋರನ್ನ ಕೇಳಿ ಬಂದಿದೀನಿ.”

“ಮಧ್ಯ ಎದ್ದು ಬಂದಿದ್ದೆ. ಅವರಿಗೆ ನೆನಪಿಲ್ಲ.” ಅವಳು ಸುಳ್ಳು ಹೇಳಿ ಅಭ್ಯಾಸವಿದ್ದವಳಲ್ಲ, ಒಂದೊಂದು ಮಾತನ್ನೂ ಹುಡುಕಿ ಹುಡುಕಿ ಇಡುತ್ತಿದ್ದಳು. “ಬೀಗದ ಕೈ ನನ್ನದು. ಹೆಸರು ನನ್ನದು. ಶರತ್ಚಂದ್ರ ಸಾರ್ ಕೇಳಿಸ್ಕೊಂಡಿದ್ದಾರೆ, ಅವರೇ ಸಾಕ್ಷಿ. ಬರ್ಕೊಳ್ಳಿ, ಎಲ್ಲಿ ಬೇಕಾದ್ರೂ ಸಹಿ ಹಾಕ್ತೀನಿ. ಸ್ಟೇಷನ್ನಿಗೆ ಕರ್ಕೊಂಡ್ ಹೋಗಿ. ಈ ಬಾಗ್ಲು ಮಾತ್ರ ತೆಗೀಬೇಡಿ.”

ಚೆಲುವಾಂಬ ಅವಳನ್ನು ನೋಡಿದರು. ಬೆಳಗಿನಿಂದ ಮೂರು ಊರು ಸುತ್ತಿ ಈ ಹುಡುಗಿಯನ್ನು ಕೆಸರಿನಿಂದ ಎತ್ತಿ ದಡಕ್ಕೆ ತಂದಿದ್ದರು. ದಡ ಮುಟ್ಟಿದವಳು ತಾನಾಗಿ ವಾಪಸ್ಸು ಇಳಿಯುತ್ತಿದ್ದಳು. ಅವರಿಗೆ ಈಗಲೂ ಸಿಟ್ಟು ಬರಲಿಲ್ಲ, ಅಳು ಬರುವಂತಾಯಿತು.

ಬಾಗಿಲಿನಾಚೆ ಯಾರೋ ಕುರ್ಚಿಯಿಂದ ಎದ್ದ ಸದ್ದಾಯಿತು. ಮಂಜುಳಾ ಕಣ್ಣು ಮುಚ್ಚಿಕೊಂಡು, ಎರಡೂ ಮುಂಗೈಗಳನ್ನು ಜೋಡಿಸಿ ಇನ್ಸ್‌ಪೆಕ್ಟರ್ ಮುಂದೆ ಚಾಚಿದಳು.